ಮಹಾಪ್ರಾಣ ಯಾರದು?

ಒಂದು

ಕನ್ನಡ ಸಾಲಿಯ ಮೊದಲ ಪಾಠ ವರ್ಣಮಾಲೆ. ಈ ಪಾಠವನ್ನು ಯಾರೂ ಅನುಮಾನದಿಂದ ಓದುವುದಿಲ್ಲ. ಅ ಆ ಇ ಈ ಅಂದರೆ ಅದರಲ್ಲಿ ಎಂಥ ರಾಜಕೀಯ ಅಂತ ಕೇಳುವವರೇ ಹೆಚ್ಚು. ಆದರೆ ಅದರ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡ್ರಿ. ಅಕ್ಷರಕ್ಕೆ 'ವರ್ಣ' ಎಂದು ಹೆಸರು. ಅವುಗಳ ಗುಂಪಿಗೆ 'ವರ್ಗ' ಎಂದು ಹೆಸರು. ಗುಂಪಿನೊಳಗಿನವು ವರ್ಗೀಯ, ಹೊರಗುಳಿದವು ಅವರ್ಗೀಯ. ಉಸಿರು ಜಾಸ್ತಿ ಬಿದ್ದರೆ ಮಹಾಪ್ರಾಣ, ಕಮ್ಮಿ ಬಿದ್ದರೆ ಅಲ್ಪಪ್ರಾಣ. ಸಂಸ್ಕೃತದಿಂದ ಹಾಗೇ ಬಂದದ್ದು ತತ್ಸಮ, ನಮ್ಮ ಬಾಯಲ್ಲಿ ಬದಲಾದದ್ದು ತದ್ಭವ. ಹಿಂದಿನ ವ್ಯಾಕರಣದ ಮಾತಿನಲ್ಲಿ ಅಪಭ್ರಂಶ, ಅಂದರೆ ಕೆಳಗೆ ಜಾರಿ ಬಿದ್ದದ್ದು.

ವ್ಯಾಕರಣ ಬರೆದವರೆಲ್ಲ ಕೂತು ಸಂಚು ಮಾಡಿ ಈ ಹೆಸರು ಇಟ್ಟರು ಅಂತ ನಾವು ಹೇಳುವುದಿಲ್ಲ. ಪದಗಳಿಗೆ ಅವುಗಳದೇ ಚರಿತ್ರೆ ಇರುತ್ತದೆ. ನಮ್ಮ ತಕರಾರು ಬೇರೆ. ಊರು ಮತ್ತು ಕೇರಿ ಎಂದು ಎರಡಾಗಿ ಒಡೆದ ಸಮಾಜದಲ್ಲಿ ಈ ಹೆಸರುಗಳು ತರಗತಿಯೊಳಗೆ ಬಂದಾಗ ಏನು ಕೆಲಸ ಮಾಡುತ್ತವೆ ಅನ್ನುವುದೇ ನಮ್ಮ ಪ್ರಶ್ನೆ. ಕೃಷ್ಣೆ ಭೀಮೆಯರ ನಡುವಿನ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಯ ಹುಡುಗ 'ಬಾರತ ನಮ್ಮ ದೇಸ' ಎಂದು ಓದಿದರೆ ತರಗತಿ ನಗುತ್ತದೆ. ನಾಲಿಗೆ ಹೊರಳೋದಿಲ್ಲ, ದಡ್ಡ ನಾಲಿಗಿ, ಎಷ್ಟಾದರೂ ಕೇರಿಯವ ಅನ್ನುವ ಮಾತು ಬರುತ್ತದೆ. ಅವನ ಗಣಿತ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ನಾಲ್ಕು ಸಲ ನಗಿಸಿಕೊಂಡ ಮಗು ಐದನೇ ಸಲ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮಗು ಹಿಂದಿನ ಬೆಂಚಿಗೆ ಹೋಗುತ್ತದೆ, ಅಲ್ಲಿಂದ ಹತ್ತಿ ಬಿಡಿಸುವ ಹೊಲಕ್ಕೆ, ಅಲ್ಲಿಂದ ಬೆಂಗಳೂರು ಮುಂಬೈಗೆ ಗುಳೇ ಹೋಗುವ ರೈಲಿಗೆ. 2010ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇಕಡಾ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಇದಕ್ಕೆ ಬಡತನ, ಭೂಮಿಯ ಹಂಚಿಕೆ, ಗುಳೇ ಎಲ್ಲವೂ ಕಾರಣ. ಉಚ್ಚಾರಣೆಯ ಅವಮಾನವೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಆದರೆ ಅದು ಕೂಲಿ ಕೊಡದೆ ಮಾಡಿಸುವ ಕೆಲಸದ ಹಾಗೆ ಸದ್ದಿಲ್ಲದೆ ನಡೆಯುತ್ತದೆ. ಅದರ ಲೆಕ್ಕ ಯಾವ ಗಣತಿಯಲ್ಲೂ ಬರುವುದಿಲ್ಲ.

ಆದ್ದರಿಂದ ಬಾಯಿಯಿಂದಲೇ ಶುರು ಮಾಡೋಣ.

ಎರಡು

ಮಾತು ಹುಟ್ಟುವುದಕ್ಕೆ ಮೂರು ಬೇಕು: ಗಾಳಿ, ನಡುಗುವ ಒಂದು ಜಾಗ, ಆ ಗಾಳಿಯ ದಾರಿಯನ್ನು ತಿದ್ದುವ ಬಾಯಿ. ಕಮ್ಮಾರನ ತಿದಿ ನೋಡಿದವರಿಗೆ ಶ್ವಾಸಕೋಶ ಅರ್ಥವಾಗುತ್ತದೆ. ಸನಾದಿ ಊದುವವರ ಕೈಯಲ್ಲಿ ಗರಿಯ ಎರಡು ಪದರ ನೋಡಿದವರಿಗೆ ಗಂಟಲಿನ ಧ್ವನಿಪೆಟ್ಟಿಗೆ ಅರ್ಥವಾಗುತ್ತದೆ. ಗಂಟಲಲ್ಲಿ ಎರಡು ಮೆತ್ತನೆಯ ಮಡಿಕೆಗಳಿವೆ. ಅವು ಹತ್ತಿರ ಬಂದಾಗ ನಡುವೆ ನುಗ್ಗುವ ಗಾಳಿ ಅವನ್ನು ನಡುಗಿಸುತ್ತದೆ. ದೊಡ್ಡ ಗಂಡಸಿನ ಗಂಟಲಲ್ಲಿ ಸೆಕೆಂಡಿಗೆ ಸುಮಾರು ನೂರಿಪ್ಪತ್ತು ಸಲ, ಹೆಂಗಸಿನಲ್ಲಿ ಇನ್ನೂರರ ಮೇಲೆ, ಮಕ್ಕಳಲ್ಲಿ ಇನ್ನೂ ಹೆಚ್ಚು. ಗಂಟಲ ಮೇಲೆ ಬೆರಳಿಟ್ಟು 'ಸ್‌ಸ್‌ಸ್' ಅನ್ರಿ, ಏನೂ ನಡುಗುವುದಿಲ್ಲ. 'ಮ್‌ಮ್‌ಮ್' ಅನ್ರಿ, ಬೆರಳಿಗೆ ನಡುಕ ಗೊತ್ತಾಗುತ್ತದೆ. ಹಾಗೇ ಮೂಗು ಹಿಡಿದುಕೊಂಡರೆ 'ಮ್' ನಿಂತೇ ಹೋಗುತ್ತದೆ. ಅದರ ಗಾಳಿ ಹೋಗುವುದು ಮೂಗಿನಿಂದ. ಇದನ್ನು ಕಲಿಯಲಿಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಬೆರಳು, ಒಂದು ಮೂಗು ಸಾಕು.

ಕ ಅನ್ನುವಾಗ ನಾಲಿಗೆಯ ಹಿಂಭಾಗ ಮೇಲಿನ ಮೆತ್ತನೆಯ ಅಂಗುಳಕ್ಕೆ ಅಂಟುತ್ತದೆ. ಪುಸ್ತಕ ಇದನ್ನು 'ಕಂಠ್ಯ' ಅನ್ನುತ್ತದೆ, ಆದರೆ ಕಂಠದಲ್ಲಿ ಅಲ್ಲಿ ಅಂಥದ್ದೇನೂ ನಡೆಯುವುದಿಲ್ಲ. ತ ಅನ್ನುವಾಗ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ. ಟ ಅನ್ನುವಾಗ ಅದೇ ತುದಿ ಮೇಲಕ್ಕೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಪುಸ್ತಕ ಇದನ್ನು 'ಮೂರ್ಧನ್ಯ', ಅಂದರೆ ತಲೆಯಲ್ಲಿ ಹುಟ್ಟಿದ್ದು, ಅನ್ನುತ್ತದೆ. ತಲೆಯಲ್ಲಿ ಹುಟ್ಟಿದವರ ಕಥೆ ನಮಗೆ ಮೊದಲೇ ಗೊತ್ತಿದೆ. ಆದರೆ ಟ ಹುಟ್ಟುವುದು ನಾಲಿಗೆಯ ತುದಿಯಲ್ಲೇ. ಸ ಮತ್ತು ಶ ಎರಡರಲ್ಲೂ ಗಾಳಿ ಸಣ್ಣ ಸಂದಿಯಲ್ಲಿ ಉಜ್ಜಿಕೊಂಡು ಹೋಗುತ್ತದೆ. ಸ ಹಲ್ಲಿನ ಹಿಂದೆಯೇ, ಶ ಅದಕ್ಕಿಂತ ಸ್ವಲ್ಪ ಹಿಂದೆ. ಎರಡರ ನಡುವಿನ ಅಂತರ ಹೆಚ್ಚು ಕಮ್ಮಿ ಒಂದು ಜೋಳದ ಕಾಳಿನಷ್ಟು. ಆ ಜೋಳದ ಕಾಳಿನಷ್ಟು ಜಾಗದ ಮೇಲೆ ನಮ್ಮಲ್ಲಿ ಒಬ್ಬ ಮನುಷ್ಯನ ಸಂಸ್ಕಾರ ತೀರ್ಮಾನವಾಗುತ್ತದೆ!

ಇನ್ನು ಮಹಾಪ್ರಾಣ. ತುಟಿಯ ಮುಂದೆ ಒಂದು ಹತ್ತಿ ಎಳೆ ಹಿಡಿದುಕೊಂಡು ಪ ಅನ್ರಿ, ಆಮೇಲೆ ಪ್‌ಹ ಅನ್ರಿ. ಎರಡನೆಯದಕ್ಕೆ ಎಳೆ ಜೋರಾಗಿ ಹಾರುತ್ತದೆ. ತುಟಿ ಬಿಟ್ಟ ಮೇಲೂ ಗಂಟಲ ಮಡಿಕೆಗಳು ಒಂದು ಕ್ಷಣ ದೂರವೇ ಇರುತ್ತವೆ. ಆ ಸಂದಿನಲ್ಲಿ ಬರೀ ಉಸಿರು ಹೊರಬರುತ್ತದೆ. ಆ ಕ್ಷಣ ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಕಮ್ಮಿ. ಘ, ಭ, ಧದಲ್ಲಿ ಮಡಿಕೆಗಳು ಸಡಿಲವಾಗಿ ನಡುಗುತ್ತ ಗಾಳಿ ಸೋರುತ್ತದೆ. ಇಷ್ಟೇ ಮಹಾಪ್ರಾಣ. ಇಷ್ಟು ಗಾಳಿಗೆ ಇಂಥ ದೊಡ್ಡ ಹೆಸರು.

ಮೂರು

ಭಾರತದಲ್ಲಿ ಬಾಯಿಯನ್ನು ಇಷ್ಟು ಸೂಕ್ಷ್ಮವಾಗಿ ನೋಡಿದವರು ಎರಡು ಸಾವಿರ ವರ್ಷಗಳ ಹಿಂದೆಯೇ ಇದ್ದರು ಅನ್ನುವುದನ್ನು ನಾವು ಅಲ್ಲಗಳೆಯುವುದಿಲ್ಲ. ಶಿಕ್ಷಾಗ್ರಂಥಗಳು ಅಕ್ಷರ ಹುಟ್ಟುವ ಎಂಟು ಸ್ಥಾನ ಹೇಳುತ್ತವೆ: ಎದೆ, ಕಂಠ, ನೆತ್ತಿ, ನಾಲಿಗೆಯ ಬುಡ, ಹಲ್ಲು, ಮೂಗು, ತುಟಿ, ಅಂಗುಳ. ಕ ದಿಂದ ಮ ವರೆಗೆ ಐದೈದರ ಸಾಲು ಕಟ್ಟಿ, ಬಾಯಿಯ ಹಿಂದಿನಿಂದ ಮುಂದಕ್ಕೆ ಅಕ್ಷರಗಳನ್ನು ಜೋಡಿಸಿದ್ದು ದೊಡ್ಡ ಬುದ್ಧಿಯ ಕೆಲಸ. ಹತ್ತೊಂಬತ್ತನೇ ಶತಮಾನದ ಯುರೋಪಿನ ಪಂಡಿತರೂ ಇದರಿಂದ ಪಾಠ ಕಲಿತರು. ಅದು ವಿಜ್ಞಾನವೇ ಸರಿ.

ಆದರೆ ಆ ವಿಜ್ಞಾನ ಯಾಕೆ ಹುಟ್ಟಿತು, ಯಾರಿಗಾಗಿ ಹುಟ್ಟಿತು? ಮಂತ್ರ ತಪ್ಪಬಾರದು ಅನ್ನುವ ಭಯದಿಂದ ಹುಟ್ಟಿತು. ಒಂದು ಸ್ವರ ತಪ್ಪಿ ಹೇಳಿದ್ದಕ್ಕೆ ಇಂದ್ರನನ್ನು ಕೊಲ್ಲಬೇಕಾದ ವೃತ್ರನೇ ಸತ್ತ ಅನ್ನುವ ಕಥೆಯನ್ನು ವೈಯಾಕರಣರು ಪಾಠವಾಗಿ ಹೇಳಿಕೊಟ್ಟರು. ಇದೇ ಪರಂಪರೆಯ ಗೌತಮ ಧರ್ಮಸೂತ್ರ ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ, ಅರಗು ಸುರಿಯಬೇಕು, ಉಚ್ಚರಿಸಿದರೆ ನಾಲಿಗೆ ಕತ್ತರಿಸಬೇಕು ಎಂದು ವಿಧಿಸಿತು. ಒಂದು ಗ್ರಂಥ ನಾಲಿಗೆಯನ್ನು ಎಲ್ಲಿಡಬೇಕು ಅಂತ ಕಲಿಸಿತು, ಇನ್ನೊಂದು ಅದೇ ನಾಲಿಗೆಯನ್ನು ಕೊಯ್ಯಬೇಕು ಅಂತ ಕಲಿಸಿತು. ಯಾರ ನಾಲಿಗೆ ಅನ್ನುವುದಷ್ಟೇ ವ್ಯತ್ಯಾಸ. ಶತಮಾನಗಟ್ಟಲೆ ಯಾವ ಸದ್ದನ್ನು ಕೇಳಲಿಕ್ಕೂ ಬಿಡಲಿಲ್ಲವೋ ಆ ಸದ್ದು ನಿನ್ನ ಬಾಯಲ್ಲಿ ಬರುವುದಿಲ್ಲವಲ್ಲಾ ಅಂತ ಇವತ್ತು ಹೀಯಾಳಿಸುವುದು ಯಾವ ನ್ಯಾಯ?

ಕನ್ನಡಕ್ಕೆ ಬರೋಣ. ಹದಿಮೂರನೇ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ' ಮಾತಿನ ಹುಟ್ಟನ್ನು ಹೀಗೆ ವಿವರಿಸುತ್ತದೆ: ಜೀವದ ಇಚ್ಛೆಯಿಂದ, ಅನುಕೂಲವಾದ ಗಾಳಿಯಿಂದ, ಹೊಕ್ಕುಳ ಬುಡದಲ್ಲಿ, ಕಹಳೆಯ ರೀತಿಯಲ್ಲಿ ಶಬ್ದವೆಂಬ ದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳುಪು. ಬಿಳುಪು ಅಂದ ಕೂಡಲೇ ನಾವು ಅವನ ಮೇಲೆ ಏರಿ ಹೋಗಬೇಕಾಗಿಲ್ಲ. ಕೇಶಿರಾಜ ಜೈನ. ಜೈನರ ತಿಳಿವಳಿಕೆಯಲ್ಲಿ ಶಬ್ದ ಒಂದು ವಸ್ತು, ಪುದ್ಗಲ. ವಸ್ತು ಅಂದಮೇಲೆ ಅದಕ್ಕೊಂದು ಬಣ್ಣ. ಶಬ್ದ ನಿತ್ಯ, ಅಪೌರುಷೇಯ ಅನ್ನುತ್ತಿದ್ದ ಮೀಮಾಂಸಕರ ಎದುರಿಗೆ, ಶಬ್ದ ಹುಟ್ಟುತ್ತದೆ, ಅದು ವಸ್ತು ಅನ್ನುವುದು ದೊಡ್ಡ ಮಾತೇ. ಕಹಳೆಯ ಹೋಲಿಕೆಯೂ ಒಳ್ಳೆಯದೇ. ಊದುವ ಗಾಳಿ, ಕೊಳವೆ, ನಾದ ಮೂರೂ ಅದರಲ್ಲಿವೆ.

ಕೇಶಿರಾಜ ಇನ್ನೊಂದು ಮುಖ್ಯ ಕೆಲಸ ಮಾಡಿದ. ಸಂಸ್ಕೃತಕ್ಕೆ ಬೇಕಾದ ಅಕ್ಷರಗಳಲ್ಲಿ ಕನ್ನಡಕ್ಕೆ ಬೇಡವಾದವನ್ನು ತೆಗೆದು, 47 ಅಕ್ಷರಗಳನ್ನು ಶುದ್ಧಗನ್ನಡದವು ಎಂದು ಎಣಿಸಿದ. ಅಪಭ್ರಂಶ ಪ್ರಕರಣದಲ್ಲಿ ಶ, ಷ ಕನ್ನಡದಲ್ಲಿ ಸ ಆಗುವುದನ್ನೂ ಮಹಾಪ್ರಾಣ ಅಲ್ಪಪ್ರಾಣವಾಗುವುದನ್ನೂ ನಿಯಮ ಮಾಡಿ ಹೇಳಿದ. ಆಕಾಶ ಆಗಸವಾಯಿತು, ಶಶಿ ಸಸಿಯಾಯಿತು, ಘಂಟೆ ಗಂಟೆಯಾಯಿತು, ಶ್ರೀ ಸಿರಿಯಾಯಿತು. ಸುರಪುರದ ಹುಡುಗ ಶಾಲೆಗೆ 'ಸಾಲಿ' ಅನ್ನುತ್ತಾನಲ್ಲ, ಅವನು ಕೇಶಿರಾಜನ ನಿಯಮವನ್ನೇ ಪಾಲಿಸುತ್ತಿದ್ದಾನೆ. ಏಳುನೂರೈವತ್ತು ವರ್ಷದ ಹಿಂದಿನ ಪಂಡಿತ 'ಇದು ಕನ್ನಡದ ಗುಣ' ಎಂದು ಬರೆದದ್ದನ್ನು ಇವತ್ತಿನ ತರಗತಿ 'ತಪ್ಪು' ಅಂತ ಕೆಂಪು ಗೆರೆ ಎಳೆಯುತ್ತದೆ. ನಮ್ಮ ಜಗಳ ಕೇಶಿರಾಜನ ಜೊತೆ ಅಲ್ಲ. ಅವನನ್ನು ಅರ್ಧ ಓದಿದವರ ಜೊತೆ.

ನಾಲ್ಕು

ಈಗ ಯಾರು ಯಾರು ಎಲ್ಲೆಲ್ಲಿ 'ತಪ್ಪು' ಮಾಡುತ್ತಾರೆ, ಒಂದು ಪಟ್ಟಿ ಮಾಡೋಣ. ಕೇರಿಯವರ ತಪ್ಪುಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ: ಬಾರತ, ದರ್ಮ, ಸರಣಪ್ಪ, ಬೀಮಣ್ಣ. ಮೇಲಿನವರ ತಪ್ಪುಗಳ ಪಟ್ಟಿಯನ್ನು ಯಾರೂ ಮಾಡಿಲ್ಲ.

ಫ ಅನ್ನುವ ಅಕ್ಷರ ಇದೆ. ವ್ಯಾಕರಣದ ಪ್ರಕಾರ ಅದು ಎರಡು ತುಟಿ ಕೂಡಿಸಿ ಉಸಿರು ಬಿಡುವ ಅಕ್ಷರ. ಆದರೆ ಓದಿದವರಲ್ಲಿ ಬಹಳ ಮಂದಿ 'ಫಲ' ಅನ್ನುವಾಗ ಕೆಳತುಟಿಗೆ ಮೇಲಿನ ಹಲ್ಲು ತಾಗಿಸುತ್ತಾರೆ. ಅದು ಫಕೀರನ, ಫಸಲಿನ, ಫೋನಿನ ಫ಼. ಪಾರ್ಸಿ, ಇಂಗ್ಲಿಷಿನಿಂದ ಬಂದದ್ದು. ಷ ಅನ್ನುವಾಗ ನಾಲಿಗೆ ಮಡಚಬೇಕು. ಎಷ್ಟು ಜನ ಮಡಚುತ್ತಾರೆ? ಶ ಷ ಎರಡೂ ಹೆಚ್ಚಿನವರ ಬಾಯಲ್ಲಿ ಒಂದೇ. ಋ ಮೂಲದಲ್ಲಿ ಸ್ವರ. ನಾವೆಲ್ಲ 'ರು' ಅನ್ನುತ್ತೇವೆ. ಜ್ಞದಲ್ಲಿ ಇರುವುದು ಜ ಮತ್ತು ಞ. ಭಾಷಣಕಾರರ ಬಾಯಲ್ಲಿ ಬರುವುದು 'ಗ್ಞಾನ'. ಯಾರೂ ನಗುವುದಿಲ್ಲ. ಇವು ರೂಢಿ ಅನ್ನಿಸಿಕೊಳ್ಳುತ್ತವೆ. ಮೇಲಿನವನ ಬಾಯಿ ಜಾರಿದರೆ ರೂಢಿ, ಕೆಳಗಿನವನ ಬಾಯಿ ಜಾರಿದರೆ ಅಶುದ್ಧಿ. ಇದು ಧ್ವನಿಶಾಸ್ತ್ರ ಅಲ್ಲ ಗೆಳೆಯರೆ, ಮೈಲಿಗೆಶಾಸ್ತ್ರ.

ಕಾಲದ ಲೆಕ್ಕದಲ್ಲೂ ನೋಡ್ರಿ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೋಗು ಹೋಗು ಆಯಿತು. ೞ ಮತ್ತು ಱ ಎಂಬ ಎರಡು ಅಕ್ಷರಗಳು ಅರಸರ, ಪಂಡಿತರ, ಪುರೋಹಿತರ ಎಲ್ಲರ ಬಾಯಿಂದಲೂ ಮಾಯವಾದವು. ಕನ್ನಡ ಸಾಯಲಿಲ್ಲ. ಮೈಸೂರು ಕಡೆಯ ದುಡಿಯುವವರು ಆ ಹಾಲನ್ನು ಮುಂದುವರಿಸಿ 'ಆಲು' ಅಂದರೆ ಮಾತ್ರ ಕನ್ನಡ ಕೆಟ್ಟುಹೋಯಿತು ಅನ್ನುವ ಗದ್ದಲ. ಪ ಬಿಟ್ಟು ಹ ಹಿಡಿದದ್ದು ಬೆಳವಣಿಗೆ, ಹ ಬಿಟ್ಟದ್ದು ಅಧೋಗತಿ!

ಇನ್ನೊಂದು ಹೆಸರು ತೊಗೊಳ್ರಿ. ವೃಷಭ ಅನ್ನುವ ಸಂಸ್ಕೃತ ಪದದ ಋ ಹೋಗಿ, ಷ ಸ ಆಗಿ, ಭ ಉಸಿರು ಕಳಕೊಂಡು 'ಬಸವ' ಆಯಿತು. ಯಾವ ಸ್ವಾಮಿಯೂ ಬಸವಣ್ಣನ ಹೆಸರನ್ನು ತಿದ್ದಿ ವೃಷಭಣ್ಣ ಅನ್ನುವುದಿಲ್ಲ. ಆ ಹೆಸರಿನಲ್ಲೇ ಮಹಾಪ್ರಾಣ ಇಲ್ಲ. ಇದೇ ಸುರಪುರ ಸೀಮೆಯ ಮುದನೂರಿನ ನೇಕಾರ ದಾಸಿಮಯ್ಯ ಮಗ್ಗದ ಮುಂದೆ ಕೂತು ದೇವರ ಜೊತೆ ಮಾತಾಡಿದ. ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರು ಅಮರಗನ್ನಡ ಎಂಬ ಗೂಢಲಿಪಿಯನ್ನೇ ಕಟ್ಟಿಕೊಂಡು ಕಾಲಜ್ಞಾನ ಬರೆದಿಟ್ಟರು. ಈ ನೆಲದವರಿಗೆ ಅಕ್ಷರ ಹೊಸದಲ್ಲ, ಅಪ್ಪಣೆ ಕೇಳಿ ಪಡೆದದ್ದೂ ಅಲ್ಲ.

ಇನ್ನೂ ಹಿಂದೆ ಹೋಗೋಣ. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಒಂದು ಬಂಡೆಯ ಶಾಸನ ಸಿಕ್ಕಿತು. ಚಕ್ರವರ್ತಿಯ ಸ್ವಂತ ಹೆಸರನ್ನು ಹೇಳಿ, ಶಾಸನಗಳ 'ದೇವಾನಂಪಿಯ' ಯಾರು ಎಂದು ಲೋಕಕ್ಕೆ ತೋರಿಸಿದ್ದು ಅದೇ. ಅದರಲ್ಲಿರುವ ಹೆಸರು 'ಅಸೋಕ'. ಶ ಅಲ್ಲ, ಸ. ಪ್ರಿಯದರ್ಶಿ ಅನ್ನುವ ಬಿರುದು ಅವನ ಶಾಸನಗಳಲ್ಲಿ 'ಪಿಯದಸಿ'. ಧರ್ಮ 'ಧಂಮ'. ಶಹಾಪುರ, ಯಾದಗಿರಿಗೆ ಸಮೀಪದ ಭೀಮಾತೀರದ ಸನ್ನತಿಯಲ್ಲೂ ಅವನ ಶಾಸನಗಳು ಸಿಕ್ಕಿವೆ. ಇಡೀ ಜಂಬೂದ್ವೀಪ ಆಳಿದವನ ಹೆಸರನ್ನು ಸ ಹಾಕಿ ಕಲ್ಲಿನಲ್ಲಿ ಕೊರೆಯಬಹುದು. ನಮ್ಮ ಕೇರಿಯ ಹುಡುಗ 'ಅಸೋಕ ಚಕ್ರವರ್ತಿ' ಅಂದರೆ ಮಾತ್ರ ಬೆಂಚಿನ ಮೇಲೆ ನಿಲ್ಲಬೇಕು.

ಐದು

ನಾಲಿಗೆ ಹೊರಳುವುದಕ್ಕೂ ಜಾತಿಗೂ ಸಂಬಂಧ ಇದೆ ಅನ್ನುವವರಿಗೆ ನಮ್ಮ ಮೂರು ತಾಲ್ಲೂಕುಗಳೇ ಉತ್ತರ ಕೊಡುತ್ತವೆ. ಇಲ್ಲಿನ ತಾಂಡಾಗಳಲ್ಲಿ ಲಂಬಾಣಿ ಮಾತು ಇದೆ. ಆ ಮಾತಿನಲ್ಲಿ ಮನೆಗೆ ಘರ್. ಮುಸಲ್ಮಾನರ ಓಣಿಗಳಲ್ಲಿ ದಖನಿ ಇದೆ. ಘರ್, ಭಾಯಿ, ಖಾನಾ. ತಾಂಡಾದ ಮಗು, ಓಣಿಯ ಮಗು ಘ, ಭ, ಖಗಳನ್ನು ತಾಯಿಯ ಮಡಿಲಲ್ಲೇ ಕಲಿತಿರುತ್ತವೆ. ಯಾವ ವೇದಪಾಠವೂ ಬೇಕಾಗಲಿಲ್ಲ. ಮಹಾಪ್ರಾಣ ಸಂಸ್ಕಾರದ ಗುರುತು ಆಗಿದ್ದರೆ ತರಗತಿಯಲ್ಲಿ ಈ ಮಕ್ಕಳಿಗೆ ಮೊದಲ ಮಣೆ ಸಿಗಬೇಕಿತ್ತು. ಸಿಗುವುದಿಲ್ಲ. ಅವರ ಘ ಎಷ್ಟೇ ಸ್ಪಷ್ಟ ಇದ್ದರೂ ಅವರಿಗೆ ಬೇರೆ ತಪ್ಪು ಹುಡುಕಿ ಇಟ್ಟಿರುತ್ತಾರೆ. ಅಂದರೆ ಪ್ರಶ್ನೆ ಸದ್ದಿನದಲ್ಲ, ಸದ್ದು ಮಾಡುವವರದು.

ಕನ್ನಡ ಮಾತಿನ ಮಕ್ಕಳ ವಿಷಯಕ್ಕೆ ಬಂದರೂ ಅಷ್ಟೇ. ಅವರಿಗೆ ಭ ಬರುವುದಿಲ್ಲ ಅನ್ನುವುದೇ ಸುಳ್ಳು. 'ಬಹಳ' ಅನ್ನುವ ಪದ ನಮ್ಮ ಕಡೆ 'ಭಾಳ'. ನಡುವಿನ ಅ ಬಿದ್ದು, ಹಕಾರದ ಉಸಿರು ಬಕಾರದ ಮೇಲೆ ಏರಿ, ಒಂದು ಚಂದನೆಯ ಭ ಹುಟ್ಟಿತು. ಭಾಳ ದಿನ ಆತು, ಭಾಳ ಬಿಸಲದ, ಭಾಳ ಹಸಿವ್ಯಾಗ್ಯದ. ಭಾರತದ ಭ ಬಾರದ ಬಾಯಿಗೆ ಭಾಳದ ಭ ಹೇಗೆ ಬಂತು? ಬಾಯಿಗೆ ಶಕ್ತಿ ಇತ್ತು, ಆ ಪದದೊಂದಿಗೆ ಬಳಕೆ ಇರಲಿಲ್ಲ, ಅಷ್ಟೆ. 'ಭಾಳ' ಅವರ ಮನೆಯ ಪದ. 'ಭಾರತ' ಪಠ್ಯಪುಸ್ತಕದಿಂದ ಬಂದ ಪದ. ಮನೆಗೆ ಬಂದು ಉಂಡು ಹೋಗದ ನೆಂಟನನ್ನು ಹೆಸರು ಹಿಡಿದು ಕರೆಯೋದು ಕಷ್ಟ.

ಕೆನಡಾದಲ್ಲಿ 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬಿಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ಬೇರೆ ಎಂದು ಗುರುತಿಸುತ್ತಿದ್ದವು. ಹತ್ತು ಹನ್ನೆರಡು ತಿಂಗಳಾಗುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಆ ಭೇದ ಗುರುತಿಸುವುದನ್ನು ಬಿಟ್ಟವು, ಯಾಕಂದರೆ ಮನೆಯಲ್ಲಿ ಆ ಭೇದ ಕೇಳಿಬರುತ್ತಿರಲಿಲ್ಲ. ಅಂದರೆ ಹುಟ್ಟುವಾಗ ಎಲ್ಲಾ ಕೂಸುಗಳ ಕಿವಿ ಲೋಕದ ಸದ್ದುಗಳಿಗೆಲ್ಲ ತೆರೆದೇ ಇರುತ್ತದೆ. ಸುತ್ತಲಿನವರ ಮಾತು ಅದನ್ನು ಒಂದು ಅಳತೆಗೆ ತರುತ್ತದೆ. ತ, ಟ ಬೇರೆ ಮಾಡಲಾಗದ ಸಾಹೇಬನನ್ನು ನಾವು ಕೀಳು ಎಂದು ಕರೆದೆವಾ? ಅವನು 'ಟುಮ್' ಅಂದರೆ ಹೌದು ಹುಜೂರ್ ಅಂದೆವು. ಸುರಪುರವನ್ನು ಶೋರಾಪುರ್ ಅಂದ, ನಾವೂ ಕಡತಗಳಲ್ಲಿ ಹಾಗೇ ಬರೆದುಕೊಂಡೆವು.

ಟ, ಡ, ಣ, ಳಗಳ ಕಥೆ ಇನ್ನೂ ಸ್ವಾರಸ್ಯ. ಇವು ದ್ರಾವಿಡ ನುಡಿಗಳ ಮನೆಯ ಸದ್ದುಗಳು. ಸಂಸ್ಕೃತದ ದೂರದ ಬಂಧುಗಳಾದ ಗ್ರೀಕ್, ಲ್ಯಾಟಿನ್‌ಗಳಲ್ಲಿ ಇವು ಇಲ್ಲ. ಸಂಸ್ಕೃತಕ್ಕೆ ಈ ಸದ್ದುಗಳು ನೆಲೆಯಾಗಲಿಕ್ಕೆ ದ್ರಾವಿಡ ಮಾತಿನವರ ಒಡನಾಟ ಕಾರಣ ಎಂದು ಅನೇಕ ಭಾಷಾವಿಜ್ಞಾನಿಗಳು ವಾದಿಸಿದ್ದಾರೆ. ಎಮೆನೋ 1956ರ ತನ್ನ ಪ್ರಬಂಧದಲ್ಲಿ ಭಾರತವನ್ನೇ ಒಂದು ಭಾಷಾಪ್ರದೇಶ ಎಂದು ಕರೆದ. ಸಂಸ್ಕೃತ ನಮ್ಮಿಂದ ತಗೊಂಡರೆ ಅದು 'ಮೂರ್ಧನ್ಯ', ತಲೆಯ ಮೇಲಿನದು. ನಾವು ಸಂಸ್ಕೃತದಿಂದ ತಗೊಂಡು ನಮ್ಮ ಬಾಯಿಗೆ ಹೊಂದಿಸಿಕೊಂಡರೆ ಅದು 'ಅಪಭ್ರಂಶ', ಕೆಳಗೆ ಬಿದ್ದದ್ದು.

ಆರು

ಸದ್ದಿನ ಮೇಲೆ ಮನುಷ್ಯನನ್ನು ಅಳೆಯುವುದು ನಮ್ಮಲ್ಲಷ್ಟೇ ಇಲ್ಲ. ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಒಂದು ಕಥೆ ಇದೆ. ಯೊರ್ದನ್ ನದಿ ದಾಟಲು ಬಂದವರಿಗೆ ಕಾವಲುಗಾರರು 'ಷಿಬ್ಬೋಲೆತ್' ಅನ್ನಿಸುತ್ತಿದ್ದರು. 'ಸಿಬ್ಬೋಲೆತ್' ಅಂದವನು ಶತ್ರುಕುಲದವ ಎಂದು ಗೊತ್ತಾಗುತ್ತಿತ್ತು, ಅಲ್ಲೇ ಕೊಲ್ಲುತ್ತಿದ್ದರು. ಸತ್ತವರು 42,000 ಎಂದು ಕಥೆ ಹೇಳುತ್ತದೆ. ಶ ಮತ್ತು ಸದ ನಡುವಿನ ಅದೇ ಜೋಳದ ಕಾಳಿನಷ್ಟು ಜಾಗ!

ಅಮೆರಿಕದ ವಿಲಿಯಂ ಲಬೋವ್ ನ್ಯೂಯಾರ್ಕಿನ ಅಂಗಡಿಗಳಲ್ಲಿ ಮಾತು ಕೇಳಿ 1966ರಲ್ಲಿ ಪುಸ್ತಕ ಬರೆದ. ಅಲ್ಲಿ ಪದದ ಕೊನೆಯ ರ ಉಚ್ಚರಿಸುವುದು ಮೇಲ್ವರ್ಗದ ಲಕ್ಷಣ, ನುಂಗುವುದು ಕೆಳವರ್ಗದ ಲಕ್ಷಣ. ಇಂಗ್ಲೆಂಡಿನಲ್ಲಿ ಇದು ಪೂರಾ ಉಲ್ಟಾ. ಅಲ್ಲಿ ರ ನುಂಗುವವನೇ ದೊಡ್ಡ ಮನುಷ್ಯ. ಸದ್ದು ಒಂದೇ, ಬೆಲೆ ಬೇರೆ. ಆ ಬೆಲೆ ಕಟ್ಟಿದ್ದು ನಾಲಿಗೆ ಅಲ್ಲ, ಸಮಾಜ. ಕನ್ನಡದಲ್ಲಿ ವಿಲಿಯಂ ಬ್ರೈಟ್ ಮತ್ತು ಎ.ಕೆ. ರಾಮಾನುಜನ್ 1960ರ ದಶಕದಲ್ಲೇ ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ಮಾತನ್ನು ಹೋಲಿಸಿ ನೋಡಿದರು. ಮೇಲಿನವರು ಹೊರಗಿನ ಸದ್ದುಗಳನ್ನು ಹಾಗೇ ಉಳಿಸಿಕೊಳ್ಳುತ್ತಾರೆ, ಉಳಿದವರು ತಮ್ಮ ನುಡಿಯ ಅಚ್ಚಿಗೆ ಒಗ್ಗಿಸಿಕೊಳ್ಳುತ್ತಾರೆ ಅನ್ನುವುದು ಅವರ ಅಧ್ಯಯನಗಳಲ್ಲಿ ಕಾಣುವ ಮುಖ್ಯ ಅಂಶ. ಹಾಗಾದರೆ ಕನ್ನಡದ ಅಚ್ಚನ್ನು ಕಾಯ್ದವರು ಯಾರು? ಹೊಲಗೇರಿ, ಮಾದಿಗೇರಿ, ಬೇಡರ ಓಣಿಯವರು. ಭಾಷೆ ಉಳಿಸಿದವರಿಗೆ ಭಾಷೆ ಕೆಡಿಸಿದವರು ಅನ್ನುವ ಬಿರುದು.

ನಮ್ಮ ಸೀಮೆಗೆ ಈ ಅವಮಾನ ಎರಡು ಪಟ್ಟು. 1948ರವರೆಗೆ ನಾವು ನಿಜಾಮನ ಹೈದರಾಬಾದು ರಾಜ್ಯದಲ್ಲಿದ್ದೆವು. ಕಚೇರಿ, ಕೋರ್ಟು, ಮೇಲಿನ ಓದು ಉರ್ದುವಿನಲ್ಲಿ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಆಗ ಕಾಫ಼್, ಕಾಫ್ ಬೇರೆ ಮಾಡಲಾಗದವ ಗಂವಾರ. 1956ರಲ್ಲಿ ಮೈಸೂರು ರಾಜ್ಯ ಸೇರಿದೆವು. ಈಗ ಶ ಸ ಬೇರೆ ಮಾಡಲಾಗದವ ಗಾವಿಲ. ಒಡೆಯರು ಬದಲಾದರು, ಅಳತೆಗೋಲು ಬದಲಾಯಿತು, ಅಳೆಸಿಕೊಳ್ಳುವವರು ಮಾತ್ರ ಅವರೇ. ಇವತ್ತಿಗೂ ಬೆಂಗಳೂರಿನ ಕಟ್ಟಡದ ಮೇಲೆ ಕಲ್ಲು ಹೊರುವ ಯಾದಗಿರಿಯವಳು 'ಎಲ್ಲದರಿ?' ಅಂದ ಕೂಡಲೇ ನಗುವವರಿದ್ದಾರೆ.

ಏಳು

ಸಾಹಿತ್ಯವೂ ಇದರಲ್ಲಿ ಪಾಲುದಾರ. ನಮ್ಮ ಎಷ್ಟೋ ಕಾದಂಬರಿಗಳಲ್ಲಿ ಲೇಖಕ ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಾನೆ, ನಾಯಕ ಪುಸ್ತಕದ ಕನ್ನಡದಲ್ಲಿ ಪ್ರೇಮಿಸುತ್ತಾನೆ. ಆಳು ಮಾತ್ರ ಅಕ್ಷರ ನುಂಗುತ್ತಾನೆ. ನಿಜಜೀವನದಲ್ಲಿ ಸಾಹುಕಾರನೂ 'ಮ್ಯಾಲ' ಅನ್ನುತ್ತಾನೆ, ಆಳೂ 'ಮ್ಯಾಲ' ಅನ್ನುತ್ತಾನೆ. ಪುಸ್ತಕದಲ್ಲಿ ಆಳಿನ ಬಾಯಿಗಷ್ಟೇ ಆ ಬರಹ. ಓದುಗ ನಗಬೇಕಾದ ಜಾಗಕ್ಕೆ ಗುರುತು ಹಾಕಿದ ಹಾಗೆ.

'ಮ್ಯಾಲ'ದ ಸದ್ದನ್ನೇ ಸ್ವಲ್ಪ ನೋಡ್ರಿ. ಮೇಲೆ, ಪೇಟೆ, ಬೇಸಿಗೆ ನಮ್ಮಲ್ಲಿ ಮ್ಯಾಲ, ಪ್ಯಾಟಿ, ಬ್ಯಾಸಗಿ. ಏ ಅನ್ನುವಾಗ ನಾಲಿಗೆಯ ಮುಂಭಾಗ ಅರ್ಧ ಎದ್ದಿರುತ್ತದೆ. ಆ ಅನ್ನುವಾಗ ಪೂರಾ ಕೆಳಗೆ ಇಳಿದು ದವಡೆ ತೆರೆಯುತ್ತದೆ. ನಮ್ಮ ಈ ಸ್ವರ ಎರಡರ ನಡುವಿನದು. ಇಂಗ್ಲಿಷಿನ 'ಬ್ಯಾಂಕ್' ಪದದಲ್ಲಿರುವ ಸ್ವರಕ್ಕೆ ಹತ್ತಿರ. ಅದಕ್ಕೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರ ಇಲ್ಲ. ಪದದ ಮೊದಲಲ್ಲಿ ನಿಲ್ಲದ ಙ, ಞಗಳಿಗೆ ಮಣೆ ಉಂಟು. ಲಕ್ಷಗಟ್ಟಲೆ ಜನ ದಿನಾ ಆಡುವ ಸ್ವರಕ್ಕೆ ಮಣೆ ಇಲ್ಲ. ಹಾಗಾಗಿ ಯಕಾರದ ಬೆನ್ನ ಮೇಲೆ ಕೂಡಿಸಿ ಬರೆಯುತ್ತೇವೆ.

1973. ಬಿ. ಬಸವಲಿಂಗಪ್ಪನವರ ಬೂಸಾ ಮಾತಿಗೆ ನಾಡು ಹೊತ್ತಿ ಉರಿದ ವರ್ಷ. ಅದೇ ವರ್ಷ ದೇವನೂರ ಮಹಾದೇವ ತಮ್ಮ ಕಥಾಸಂಕಲನಕ್ಕೆ 'ದ್ಯಾವನೂರು' ಎಂದು ಹೆಸರಿಟ್ಟರು. ದೇವನೂರು ಅಲ್ಲ, ದ್ಯಾವನೂರು. ಆ ಯಕಾರದಲ್ಲೇ ಒಂದು ಬಂಡಾಯ ಇದೆ. ಆಮೇಲೆ ಬಂದ 'ಕುಸುಮಬಾಲೆ'ಯಲ್ಲಿ ಆಳು ಮಾತ್ರ ಅಲ್ಲ, ಕಥೆ ಹೇಳುವವನೇ ಆ ಬಾಯಲ್ಲಿ ಮಾತಾಡಿದ. ಅಲ್ಲಿಗೆ ನಗುವವರ ಜಾಗ ಖಾಲಿಯಾಯಿತು. ನಮ್ಮ ಕಲಬುರಗಿ ಕಡೆ ಚೆನ್ನಣ್ಣ ವಾಲೀಕಾರ, ಗೀತಾ ನಾಗಭೂಷಣ ಇಲ್ಲಿನ ಮಾತನ್ನು ಬರವಣಿಗೆಗೆ ತಂದರು; ಗೀತಾ ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಕನ್ನಡವನ್ನು ಆಡಿದ ಮಗುವನ್ನು ಪರೀಕ್ಷೆಯಲ್ಲಿ ಫೇಲು ಮಾಡುವುದು ಯಾವ ಶಿಕ್ಷಣನೀತಿ?

ಎಂಟು

ಹಾಗಾದರೆ ಮಹಾಪ್ರಾಣ ಅಕ್ಷರಗಳನ್ನೇ ಕಿತ್ತುಹಾಕೋಣವೆ? ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 'ಕನ್ನಡ ಬರಹವನ್ನು ಸರಿಪಡಿಸೋಣ' ಎಂಬ ಪುಸ್ತಕದಲ್ಲಿ, ಹೆಚ್ಚಿನ ಕನ್ನಡಿಗರ ಮಾತಿನಲ್ಲಿ ಇಲ್ಲದ ಅಕ್ಷರಗಳು ಬರಹದಲ್ಲೂ ಬೇಡ ಎಂದು ವಾದಿಸಿದರು. ಓದು ಬರಹ ಕೆಲವರ ಸೊತ್ತಾಗಿ ಉಳಿಯಲಿಕ್ಕೆ ಈ ಅಕ್ಷರಗಳೂ ಕಾರಣ ಅನ್ನುವ ಅವರ ಮಾತಿನಲ್ಲಿ ತೂಕ ಇದೆ. ಅವರ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ಒಂದು ಅನುಮಾನ ಇದೆ. ಅಕ್ಷರ ತೆಗೆದರೆ ಅವಮಾನ ಹೋಗುವುದಿಲ್ಲ. ಮಹಾಪ್ರಾಣ ಹೋದರೆ ಳ-ಲ ಬರುತ್ತದೆ, ಅದು ಹೋದರೆ ಇಂಗ್ಲಿಷ್ ಉಚ್ಚಾರಣೆ ಬರುತ್ತದೆ. ಬಂದೇ ಬಿಟ್ಟಿದೆ. ಮೇಲು ಕೀಳು ಬೇಕಾದವನಿಗೆ ಯಾವ ಸದ್ದಾದರೂ ಸಾಕು.

ಇನ್ನೊಂದು ಮಾತು. ಬಾಬಾಸಾಹೇಬರಿಗೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪರ್ಶಿಯನ್ ತೆಗೆದುಕೊಳ್ಳಬೇಕಾಯಿತು. ಆಮೇಲೆ ಅವರು ಸಂಸ್ಕೃತವನ್ನೂ ಕಲಿತರು, ಪಾಲಿಯನ್ನೂ ಓದಿದರು, ಆ ಗ್ರಂಥಗಳೊಳಗೇ ಹೊಕ್ಕು ಅವುಗಳ ಬೇರು ಅಲ್ಲಾಡಿಸಿದರು. ಅಕ್ಷರ ಬೇಡ ಅನ್ನುವುದು ನಮ್ಮ ದಾರಿ ಅಲ್ಲ. ನಮಗೆ ಒಂದು ಅಕ್ಷರವೂ ಕಮ್ಮಿ ಬೇಡ. ಬುದ್ಧನ ಧ, ಭೀಮನ ಭ, ಸಂಘರ್ಷದ ಘ ಬರೆಯಲು ನಮ್ಮ ಮಕ್ಕಳು ಕಲಿಯಲಿ. ಬರೆಯುವುದು ಬೇರೆ, ಆಡುವುದು ಬೇರೆ. ಬರಹದಲ್ಲಿ 'ಭಾರತ' ಎಂದು ಬರೆಯಲು ಕಲಿಸಿ. ಬಾಯಲ್ಲಿ 'ಬಾರತ' ಅಂದದ್ದಕ್ಕೆ ಬೆತ್ತ ಎತ್ತಬೇಡಿ. ಇಂಗ್ಲಿಷಿನವರು ಬರೆಯುವುದೊಂದು, ಓದುವುದೊಂದು. ಅದನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿಸುವವರಿಗೆ ಕನ್ನಡದಲ್ಲಿ ಮಾತ್ರ ಈ ತಾಳ್ಮೆ ಯಾಕಿಲ್ಲ?

ಹಳ್ಳಿಯ ಮಾಸ್ತರರೇ, ಅಕ್ಕೋರೇ, ಇದು ನಿಮ್ಮ ಕೈಯಲ್ಲಿರುವ ಕೆಲಸ. ಸುತ್ತೋಲೆ ಬರುವ ತನಕ ಕಾಯಬೇಕಾಗಿಲ್ಲ. ವರ್ಣಮಾಲೆಯ ಪಾಠದ ದಿನ ಮಕ್ಕಳ ಕೈಗೆ ಹತ್ತಿ ಎಳೆ ಕೊಡಿ, ಗಂಟಲ ಮೇಲೆ ಬೆರಳಿಡಿಸಿ, ಮೂಗು ಹಿಡಿಸಿ. ಸದ್ದು ಎಲ್ಲಿ ಹುಟ್ಟುತ್ತದೆ ಎಂದು ಅವರೇ ಹುಡುಕಲಿ. ತಾಂಡಾದ ಮಗುವಿನಿಂದ 'ಘರ್' ಅನ್ನಿಸಿ, ಅದೇ ತರಗತಿಗೆ ಘ ಕಲಿಸಲಿ. ಓಣಿಯ ಮಗು ಖ ಕಲಿಸಲಿ. ಗುರುಮಠಕಲ್ ಕಡೆಯ ತೆಲುಗಿನ ಮಗು ತನ್ನ ಮನೆಯ ಪದ ತರಲಿ. 'ಭಾಳ' ಪದ ಹಲಗೆಯ ಮೇಲೆ ಬರೆದು, ಈ ಭ ಎಲ್ಲಿಂದ ಬಂತು ಅಂತ ಕೇಳಿ. ಸಾಲಿ, ಶಾಲೆ ಎರಡನ್ನೂ ಬರೆದು, ಒಂದು ಮನೆಯದು, ಒಂದು ಪುಸ್ತಕದ್ದು, ಎರಡೂ ಕನ್ನಡ ಅಂತ ಹೇಳಿ. ಓದು ಬರುತ್ತದೋ ಇಲ್ಲವೋ ಪರೀಕ್ಷಿಸುವಾಗ ಅರ್ಥ ಕೇಳಿ, ಉಚ್ಚಾರ ಕೇಳಬೇಡಿ.

ವಿದ್ಯಾರ್ಥಿ ಗೆಳೆಯರೇ, ಸಂಘಟನೆಯ ಗೆಳೆಯರೇ, ವೇದಿಕೆ ಮೇಲೆ ನಿಂತಾಗ ಶ ಸರಿ ಬರುತ್ತದೋ ಇಲ್ಲವೋ ಅಂತ ಹೆದರಿ ಮೈಕು ಬೇರೆಯವರಿಗೆ ಕೊಡಬೇಡಿ. ನಮ್ಮ ಸಭೆಗಳಲ್ಲೂ ಚಂದ ಮಾತಾಡುವವನೇ ಮುಂದಾಳು, ದುಡಿಯುವವನು ಹಿಂದಾಳು ಆಗುತ್ತಿರುವುದನ್ನು ನೋಡುತ್ತಿದ್ದೇವೆ. ಇದು ಮೊದಲು ನಿಲ್ಲಬೇಕು. ಕೂಲಿ ಕೇಳುವಾಗ, ನೆಲ ಕೇಳುವಾಗ, ನೀರು ಕೇಳುವಾಗ ಯಾವ ಬಾಯಲ್ಲಿ ಕೇಳುತ್ತೀರೋ ಅದೇ ಬಾಯಲ್ಲಿ ವ್ಯಾಕರಣವನ್ನೂ ಪ್ರಶ್ನೆ ಕೇಳಿ. ಗಾಳಿಗೆ ಜಾತಿ ಇಲ್ಲ. ಅದು ಎಲ್ಲರ ಎದೆಯಿಂದಲೂ ಒಂದೇ ರೀತಿ ಮೇಲೆ ಬರುತ್ತದೆ.